ಓಕಿಚೋಬಿಯಲ್ಲಿ ಬಾಸ್ ಹಿಡಿಯೋಕೆ ಹೋಗ್ತೀರಾ? ಮೊದಲು ಶೈನರ್ ರೇಟ್ ಕೇಳಿಕೊಳ್ಳಿ

ಅಮೆರಿಕದ ಓಕಿಚೋಬಿ ಕೆರೆಯಲ್ಲಿ ಬಾಸ್ ಅನ್ನೋ ಸಿಹಿನೀರಿನ ಮೀನು ಹಿಡಿಯೋಕೆ ಗೈಡ್ ಜೊತೆ ಫೋನಲ್ಲಿ ಮಾತಾಗಿದ್ದು ಅರ್ಧ ದಿನಕ್ಕೆ 450 ಡಾಲರ್. ಮಧ್ಯಾಹ್ನ ದೋಣಿಯಿಂದ ಇಳಿದಾಗ ಅವನು ಕೇಳಿದ್ದು 630. ಉಳಿದ 180 ಯಾವ ಲೆಕ್ಕ ಅಂದರೆ, ಶೈನರ್ ಅಂದ. ಡಜನ್‌ಗೆ 30ರಂತೆ ಆರು ಡಜನ್. ಶೈನರ್ ಅಂದರೆ ಗಾಳಕ್ಕೆ ಸಿಕ್ಕಿಸುವ ಜೀವಂತ ಮೀನು, ಬೆರಳಿಗಿಂತ ಸ್ವಲ್ಪ ಉದ್ದ ಇರುತ್ತದೆ. ಮೀನು ಹಿಡಿಯೋಕೆ ಮೀನನ್ನೇ ಕೊಂಡು ನೀರಿಗೆ ಬಿಟ್ಟೆವು, ಅದಕ್ಕೆ ಹದಿನೈದು ಸಾವಿರ ರೂಪಾಯಿ ದಾಟಿತು ಅಂತ ಮಂಡ್ಯದಲ್ಲಿ ನಮ್ಮಪ್ಪನಿಗೆ ಹೇಳಿದರೆ ಫೋನ್ ಇಟ್ಟುಬಿಡುತ್ತಾರೆ. ಅದಕ್ಕೇ ಅವರಿಗೆ ಹೇಳಿಲ್ಲ, ನಿಮಗೆ ಹೇಳ್ತಿದ್ದೇನೆ.

ಅವನು ಮೋಸ ಮಾಡಿದ ಅಂತ ಪೂರ್ತಿ ಹೇಳೋಕೂ ಆಗಲ್ಲ. ಅಲ್ಲಿ ಶೈನರ್ ಬೇರೆ ಲೆಕ್ಕ ಅನ್ನೋದು ಮಾಮೂಲಿನಂತೆ. ಆದರೆ ಒಂದು ಮಾತು ಮೊದಲೇ ಹೇಳಬಹುದಿತ್ತು ಅಲ್ವಾ? ನೀವು ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಶೈನರ್ ಸೇರಿದೆಯಾ, ಪೆಟ್ರೋಲ್ ಸೇರಿದೆಯಾ, ನಾವು ನಾವೇ ಲೂರ್ (ಮೀನು, ಹುಳದ ಹಾಗೆ ಕಾಣುವ ನಕಲಿ ಎರೆ) ಎಸೆದು ಹಿಡಿಯಬಹುದಾ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಓಕಿಚೋಬಿ ಇರುವುದು ಫ್ಲಾರಿಡಾ ರಾಜ್ಯದ ದಕ್ಷಿಣ ಭಾಗದಲ್ಲಿ. ಸುಮಾರು 730 ಚದರ ಮೈಲಿ ಕೆರೆ, ಸರಾಸರಿ ಆಳ ಮಾತ್ರ ಬರೀ 9 ಅಡಿ. ಈ ಎರಡು ಅಂಕಿ ನೆನಪಿಡಿ, ಗಾಳಿಯ ವಿಷಯ ಬಂದಾಗ ಬೇಕಾಗುತ್ತವೆ. ನಾವು ಫೆಬ್ರವರಿಯಲ್ಲಿ ಹೋಗಿದ್ದೆವು, ನಾನು ಮತ್ತು ನನ್ನ ಹಳೇ ರೂಮ್‌ಮೇಟ್. ವೆಸ್ಟ್ ಪಾಮ್ ಬೀಚಿನಲ್ಲಿ ವಿಮಾನ ಇಳಿದು ಕಾರ್ ಬಾಡಿಗೆಗೆ ತೆಗೆದುಕೊಂಡರೆ ಕ್ಲೂಯಿಸ್ಟನ್ ಊರಿಗೆ ಒಂದೂಕಾಲು ಗಂಟೆ. ಅರ್ಧ ದಾರಿ ದಾಟಿದ ಮೇಲೆ ಎರಡೂ ಕಡೆ ಕಬ್ಬು. ನಿಜವಾಗಿ ಕಬ್ಬು, ಕಣ್ಣು ಹರಿಯುವಷ್ಟು ದೂರ. ಕಟಾವಿಗೆ ಮುಂಚೆ ಗದ್ದೆಗೆ ಬೆಂಕಿ ಹಾಕಿ ತರಗು ಸುಡುತ್ತಾರೆ, ಆ ಕಪ್ಪು ಬೂದಿ ಕಾರಿನ ಗಾಜಿನ ಮೇಲೆ ಬಂದು ಬೀಳುತ್ತಿತ್ತು. ಗೆಳೆಯ ಕಿಟಕಿ ಇಳಿಸಿ ಮೂಗೆಳೆದು, "ಗುರು, ನಿಮ್ಮೂರಿಗೇ ಕರ್ಕೊಂಡು ಬಂದ್ಯಲ್ಲೋ, ಇದಕ್ಕೆ ವಿಮಾನ ಬೇಕಿತ್ತಾ?" ಅಂದ.

ಇನ್ನೊಂದು ಆಶ್ಚರ್ಯ, ಊರು ತಲುಪಿದ ಮೇಲೂ ಕೆರೆ ಕಾಣಿಸುವುದಿಲ್ಲ. ಇಷ್ಟು ದೊಡ್ಡ ನೀರು ಎಲ್ಲಿ ಅಂತ ಹುಡುಕಿಕೊಂಡು ಎರಡು ಸುತ್ತು ಹೊಡೆದೆವು. ಕಾಣದಿರೋಕೆ ಕಾರಣ ಏರಿ. 1928ರ ಚಂಡಮಾರುತದಲ್ಲಿ ಕೆರೆ ನೀರು ಊರುಗಳ ಮೇಲೆ ನುಗ್ಗಿ ಕಡಿಮೆ ಅಂದರೂ 2,500 ಜನ ಸತ್ತರು. ಆಮೇಲೆ ಕೆರೆ ಸುತ್ತ ಕಟ್ಟಿದ್ದು ಈ ಏರಿ, 143 ಮೈಲಿ ಉದ್ದ. ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಹೆಸರಿದೆ ಅದಕ್ಕೆ. ಹತ್ತಿ ನಿಂತರೆ ಒಂದು ಕಡೆ ಊರು, ಇನ್ನೊಂದು ಕಡೆ ದಡವೇ ಇಲ್ಲದ ನೀರು. ಸಂಜೆ ಹೊತ್ತು ಇದೊಂದಕ್ಕೆ ದುಡ್ಡು ಕೊಡಬೇಕಿಲ್ಲ.

ರೂಮ್ ಬಗ್ಗೆ ಜಾಸ್ತಿ ಬರೆಯಲ್ಲ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ ಜನ ಫ್ಲಾರಿಡಾಕ್ಕೆ ಬಂದು ತುಂಬಿಕೊಳ್ಳುತ್ತಾರೆ, ಮೀನಿಗೂ ಅದೇ ಸೀಸನ್. ನಾವು ತಡವಾಗಿ ಬುಕ್ ಮಾಡಿ ರಾತ್ರಿಗೆ 190 ಡಾಲರ್ ಕೊಟ್ಟೆವು. ಆ ದುಡ್ಡಿಗೆ ಸಿಕ್ಕಿದ್ದು ಮುಗ್ಗಲು ವಾಸನೆಯ ಕಾರ್ಪೆಟ್ ಮತ್ತು ರಾತ್ರಿಯಿಡೀ ಗೊರಗೊರ ಅನ್ನುವ ಎಸಿ. ಎರಡು ತಿಂಗಳು ಮುಂಚೆ ಬುಕ್ ಮಾಡಿ, ಅಷ್ಟೆ.

ಲೈಸೆನ್ಸ್ ಮಾತ್ರ ಮರೆಯಬೇಡಿ. ಗೈಡ್ ಜೊತೆ ಹೋದರೂ ಸಿಹಿನೀರಿನಲ್ಲಿ ನಿಮ್ಮ ಲೈಸೆನ್ಸ್ ನಿಮಗೆ ಬೇಕೇ ಬೇಕು. ಹೊರರಾಜ್ಯದವರಿಗೆ ಮೂರು ದಿನಕ್ಕೆ 17 ಡಾಲರ್, ಏಳು ದಿನಕ್ಕೆ 30. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ದಿನಕ್ಕೆ ಒಬ್ಬರು ಐದು ಬಾಸ್ ಇಟ್ಟುಕೊಳ್ಳಬಹುದು, ಅದರಲ್ಲಿ ಒಂದು ಮಾತ್ರ 16 ಇಂಚು ಅಥವಾ ಅದಕ್ಕಿಂತ ಉದ್ದ ಇರಬಹುದು. ನಾವು ಎಲ್ಲವನ್ನೂ ವಾಪಸ್ ಬಿಟ್ಟೆವು. ಗೆಳೆಯ ಸಸ್ಯಾಹಾರಿ, ನನಗೆ ಆ ರೂಮಲ್ಲಿ ಮೀನು ಹೆಚ್ಚೋಕೆ ಜಾಗವೂ ಇರಲಿಲ್ಲ.

ಈಗ ಗೈಡ್ ದೋಣಿ. ಬಾಸ್ ಬೋಟ್ ಅನ್ನೋದನ್ನ ನಾನು ವಿಡಿಯೋದಲ್ಲಿ ಮಾತ್ರ ನೋಡಿದ್ದೆ. ಇಪ್ಪತ್ತು ಅಡಿ ಉದ್ದ, ಮಿಣಮಿಣ ಬಣ್ಣ, ಹಿಂದೆ 250 ಕುದುರೆಶಕ್ತಿಯ ಎಂಜಿನ್. ಮುಂದುಗಡೆ ಕರೆಂಟಿನ ಸಣ್ಣ ಮೋಟಾರ್ ಇರುತ್ತದೆ, ಮೀನಿನ ಜಾಗ ತಲುಪಿದ ಮೇಲೆ ಅದರಲ್ಲೇ ಸದ್ದಿಲ್ಲದೆ ತೆವಳುತ್ತಾರೆ. ಬೆಳಗಿನ ಜಾವ ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಬಿಟ್ಟ. ಫ್ಲಾರಿಡಾ ಅಲ್ವಾ ಅಂತ ಟೀ ಶರ್ಟಲ್ಲಿ ಹೋಗಿದ್ದೆ, ಹಲ್ಲು ಕಟಕಟ ಅಂತು. ಟೋಪಿ ಹಾರಿಹೋಯಿತು, ಅದು ಈಗ ಯಾವುದೋ ಮೊಸಳೆಯ ಮನೆಯಲ್ಲಿರಬಹುದು. ದಪ್ಪ ಜಾಕೆಟ್ ಒಯ್ಯಿರಿ. ಬೆನ್ನುನೋವು ಇರುವವರು ಅಲೆ ಎದ್ದಿರುವ ದಿನ ಈ ದೋಣಿ ಹತ್ತಲೇಬೇಡಿ, ಅಲೆಯಿಂದ ಅಲೆಗೆ ಎತ್ತಿ ಎತ್ತಿ ಕುಕ್ಕುತ್ತದೆ.

ಜಾಗ ತಲುಪಿದ ಮೇಲೆ ಏನಾಯಿತು? ಅವನೇ ಶೈನರ್ ಚುಚ್ಚಿದ, ಬೆಂಡು ಕಟ್ಟಿದ, ಜೊಂಡಿನ ಅಂಚಿಗೆ ಅವನೇ ಎಸೆದ, ರಾಡ್ ನಮ್ಮ ಕೈಗೆ ಕೊಟ್ಟ. ಬೆಂಡು ಮುಳುಗಿದಾಗ "ಸುತ್ತು ಸುತ್ತು" ಅಂತ ಕೂಗಿದ. ಹನ್ನೊಂದು ಮೀನು ಸಿಕ್ಕವು, ಸುಳ್ಳು ಹೇಳಲ್ಲ. ಮಧ್ಯೆ ಬಿಡುವಾದಾಗ ದಾಖಲೆ ಮೀನುಗಳ ಕಥೆ ಹೇಳಿದ: 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಬಾಸ್, 2009ರಲ್ಲಿ ಜಪಾನಿನ ಬಿವಾ ಕೆರೆಯಲ್ಲಿ ಅದಕ್ಕೆ ಸರಿಸಮ ಅನಿಸಿಕೊಂಡ ಇನ್ನೊಂದು. ನಮ್ಮದರಲ್ಲಿ ದೊಡ್ಡದು ಮೂರೂವರೆ ಪೌಂಡ್. ಆದರೆ ಹನ್ನೊಂದರಲ್ಲಿ ಒಂದೂ ನಾನು ಹಿಡಿದ ಮೀನು ಅನ್ನಿಸಲಿಲ್ಲ. ಅವನು ಹಿಡಿದ, ನಾನು ಸುತ್ತಿದೆ. ಮಕ್ಕಳನ್ನ ಕರೆದುಕೊಂಡು ಹೋಗೋರಿಗೆ ಇದೇ ಸರಿ, ಅವರಿಗೆ ಬೇಗ ಬೇಗ ಮೀನು ಬೀಳಬೇಕು. ಎಸೆಯೋದು ಕಲಿಯಬೇಕು ಅನ್ನೋರು ಮಾತ್ರ ಶೈನರ್ ಬೇಡ, ಲೂರ್ ಸಾಕು ಅಂತ ಮೊದಲೇ ಹೇಳಿಬಿಡಿ. ದುಡ್ಡೂ ಉಳಿಯುತ್ತದೆ.

ಮಾರನೇ ದಿನ ನಾವೇ ಹೋಗೋಣ ಅಂತ ಅಲ್ಯೂಮಿನಿಯಂ ಜಾನ್ ಬೋಟ್ ಬಾಡಿಗೆಗೆ ತೆಗೆದುಕೊಂಡೆವು. ಚಪ್ಪಟೆ ತಳದ, ನಮ್ಮ ತಗಡಿನ ತೊಟ್ಟಿಗೆ ಎಂಜಿನ್ ಕಟ್ಟಿದ ಹಾಗಿರುವ ದೋಣಿ. ಇಲ್ಲೊಂದು ಕಾನೂನು ಗೊತ್ತಿರಲಿ. ಫ್ಲಾರಿಡಾದಲ್ಲಿ 1988ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು 10 ಕುದುರೆಶಕ್ತಿ ಅಥವಾ ಅದಕ್ಕಿಂತ ದೊಡ್ಡ ಎಂಜಿನ್ ಓಡಿಸಬೇಕಾದರೆ ದೋಣಿ ಸುರಕ್ಷತೆಯ ಕಾರ್ಡ್ ಬೇಕು. ನಮ್ಮಿಬ್ಬರ ಹತ್ತಿರವೂ ಇರಲಿಲ್ಲ, ಅದಕ್ಕೆ 9.9ರ ಎಂಜಿನ್ ಕೊಟ್ಟರು. ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನ ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳಿ, ಸುಮ್ನೆ ನೇತುಬಿಡಬೇಡಿ.

ಆ ದಿನ ಉತ್ತರದ ಗಾಳಿ ಎದ್ದಿತ್ತು. ಆಗ ಅರ್ಥವಾಯಿತು ಆ 730 ಚದರ ಮೈಲಿ ಮತ್ತು 9 ಅಡಿ. ಗಾಳಿಗೆ ಓಡೋಕೆ ಎಷ್ಟು ಬೇಕೋ ಅಷ್ಟು ಬಯಲು, ಆಳ ಇಲ್ಲದ್ದರಿಂದ ಅಲೆಗಳು ಗಿಡ್ಡ, ಚೂಪು, ಒಂದರ ಹಿಂದೆ ಒಂದು. ತಳದ ಕೆಸರೆಲ್ಲಾ ಎದ್ದು ನೀರು ಬಾಳೆಹಣ್ಣಿನ ರಸಾಯನದ ಬಣ್ಣಕ್ಕೆ ತಿರುಗಿತ್ತು. ಐದು ನಿಮಿಷ ಹೋಗಿ, ಮುಖಕ್ಕೆ ಎರಡು ಬಕೆಟ್ ನೀರು ಬಿದ್ದ ಮೇಲೆ ತಿರುಗಿಸಿದೆವು. ನಮ್ಮನ್ನ ಉಳಿಸಿದ್ದು ಏರಿಯ ಬುಡದಲ್ಲೇ ಸಾಗುವ ಕಾಲುವೆ. ರಿಮ್ ಕೆನಾಲ್ ಅನ್ನುತ್ತಾರೆ. ಒಂದು ಮಗ್ಗುಲಿಗೆ ಏರಿ, ಇನ್ನೊಂದಕ್ಕೆ ಜೊಂಡು ಮತ್ತು ಗಿಡಗಂಟಿ, ಹೊರಗೆ ಗಾಳಿ ಬೊಬ್ಬೆ ಹೊಡೆಯುತ್ತಿದ್ದರೂ ಒಳಗೆ ನೀರು ತಣ್ಣಗಿತ್ತು. ದೊಡ್ಡ ದೋಣಿಯವರು ಇದನ್ನ ಬರೀ ರಸ್ತೆ ತರಹ ಬಳಸಿ ಭರ್ರನೆ ಹೋಗಿಬಿಡುತ್ತಾರೆ. ನಾವು ಇಡೀ ದಿನ ಅಲ್ಲೇ ಕಳೆದೆವು.

ಲೂರ್ ವಿಷಯಕ್ಕೆ ಬಂದರೆ ನಾನು ಶುದ್ಧ ದಡ್ಡ. ಹೋಗೋ ಮುಂಚೆ 120 ಡಾಲರ್ ಸುರಿದು ಡಬ್ಬಿ ತುಂಬಿಸಿದ್ದೆ, ಮುಕ್ಕಾಲು ಪಾಲು ಕ್ರ್ಯಾಂಕ್‌ಬೈಟ್: ಮೀನಿನ ಆಕಾರ, ಹೊಟ್ಟೆಯಡಿ ಮೂರು ಮುಳ್ಳಿನ ಕೊಕ್ಕೆಗಳು. ತೆರೆದ ನೀರಿಗೆ ಅದು ಒಳ್ಳೆಯದೇ ಇರಬಹುದು. ಇಲ್ಲಿ ನೀರಿನ ತುಂಬ ಕಳೆ, ಹೈಡ್ರಿಲ್ಲಾ, ತಾವರೆ ಜಾತಿಯ ಎಲೆ. ಪ್ರತಿ ಸಲ ಎಸೆದಾಗಲೂ ಒಂದು ಕಟ್ಟು ಸೊಪ್ಪು ಬಂತು, ಸಂತೆಗೆ ಒಯ್ಯುವಷ್ಟು. 10 ಪೌಂಡ್ ಭಾರ ತಡೆಯುವ ನೈಲಾನ್ ಲೈನ್, ಅಂದರೆ ಗಾಳದ ದಾರ, ಎರಡು ಸಲ ಕಿತ್ತುಹೋಯಿತು. ಇಲ್ಲಿಗೆ 50 ಅಥವಾ 65 ಪೌಂಡಿನ ಹೆಣೆದ ಲೈನ್ ಹಾಕಿಕೊಂಡು ಬನ್ನಿ, ಮೀನಿನ ತೂಕಕ್ಕಲ್ಲ, ಕಳೆ ಸಮೇತ ಎಳೆಯೋಕೆ.

ಕೊನೆಗೆ ಕೆಲಸ ಮಾಡಿದ್ದು ಆರು ಇಂಚಿನ ಪ್ಲಾಸ್ಟಿಕ್ ಹುಳ. ಬಣ್ಣಕ್ಕೆ ಜೂನ್‌ಬಗ್ ಅನ್ನುತ್ತಾರೆ, ನೇರಳೆ ಹಣ್ಣಿನ ಬಣ್ಣ, ಒಳಗೆ ಹಸಿರು ಮಿಣುಕು. ಕಟ್ಟುವ ರೀತಿಗೆ ಟೆಕ್ಸಾಸ್ ರಿಗ್ ಅಂತ ಹೆಸರು. ಲೈನಿಗೆ ಮೊದಲು ಬಂದೂಕಿನ ಗುಂಡಿನಾಕಾರದ ಸಣ್ಣ ತೂಕ, ಎಂಟನೇ ಒಂದು ಔನ್ಸ್ ಸಾಕು. ಆಮೇಲೆ ಅಗಲ ಬಾಯಿಯ ಒಂಟಿ ಕೊಕ್ಕೆ. ಅದನ್ನ ಹುಳದ ತಲೆಯಲ್ಲಿ ತೂರಿಸಿ, ತಿರುಗಿಸಿ, ಮುಳ್ಳಿನ ತುದಿಯನ್ನ ಹುಳದ ಮೈಯೊಳಗೇ ಮುಚ್ಚಿಬಿಡಬೇಕು. ತುದಿ ಹೊರಗಿಲ್ಲದಿದ್ದರೆ ಕಳೆಗೆ ಸಿಕ್ಕಿಕೊಳ್ಳಲ್ಲ. ಚಿಕ್ಕವನಿದ್ದಾಗ ಎರೆಹುಳ ಸಿಕ್ಕಿಸುವಾಗ ನಮ್ಮ ಚಿಕ್ಕಪ್ಪ "ಮುಳ್ಳು ಕಾಣಬಾರದು ಕಣೋ" ಅಂತ ತಲೆಗೆ ಮೊಟಕುತ್ತಿದ್ದರು. ಅವರಿಗೆ ಮೀನಿನ ಕಣ್ಣಿನ ಚಿಂತೆ, ಇವರಿಗೆ ಕಳೆಯ ಚಿಂತೆ, ಕಟ್ಟುವುದು ಮಾತ್ರ ಒಂದೇ.

ಎಲೆಗಳ ನಡುವಿನ ಬಿಡುವಿಗೆ ಎಸೆಯಿರಿ. ಮುಳುಗಲು ಬಿಡಿ. ಜಾಸ್ತಿ ಸಲ ಮುಳುಗುವಾಗಲೇ ಕಚ್ಚುತ್ತದೆ, ಲೈನ್ ಪಕ್ಕಕ್ಕೆ ಸರಿಯುವುದಷ್ಟೇ ಕಾಣುತ್ತದೆ, ಕೈಗೆ ಏನೂ ತಿಳಿಯಲ್ಲ. ಆಗ ರಾಡ್ ತಗ್ಗಿಸಿ, ಸಡಿಲ ಲೈನ್ ಸುತ್ತಿಕೊಂಡು, ಆಮೇಲೆ ಜೋರಾಗಿ ಎಳೆಯಬೇಕು. ಗೆಳೆಯ ರಬ್ಬರ್ ಕಪ್ಪೆ ಹಾಕಿದ್ದ, ಅದು ಎಲೆ ಮೇಲೆ ಕುಪ್ಪಳಿಸುವ ಲೂರ್. ಮೀನು ನೀರು ಸೀಳಿಕೊಂಡು ಬಂದು ಢಬ್ ಅಂತ ಬಡಿದಾಗ ಗಾಬರಿಯಾಗಿ ತಕ್ಷಣ ಎಳೆದ, ಬರೀ ಕಪ್ಪೆ ಹಾರಿಬಂದು ಅವನ ಎದೆಗೇ ಬಿತ್ತು. ಮೂರು ಸಲ. ಬಡಿದ ಮೇಲೆ ಒಂದೆರಡು ಕ್ಷಣ ತಡೆದು ಎಳೆಯಬೇಕು, ಹೇಳೋದು ಸುಲಭ. ಕಪ್ಪೆಯಲ್ಲಿ ಅವನಿಗೆ ಒಂದೂ ಸಿಗಲಿಲ್ಲ, ಆದರೂ ಇಡೀ ಪ್ರವಾಸದಲ್ಲಿ ಅವನು ಇವತ್ತಿಗೂ ಹೇಳೋದು ಆ ಮೂರು ಏಟಿನ ಬಗ್ಗೆಯೇ.

ನನಗೆ ನಾಲ್ಕು ಸಿಕ್ಕವು. ದೊಡ್ಡದು ಎರಡು ಪೌಂಡ್ ಇರಬಹುದು. ಬಾಸ್‌ನ ಕೆಳದುಟಿಗೆ ಹೆಬ್ಬೆರಳು ಹಾಕಿ ಎತ್ತಬೇಕು, ಹಲ್ಲು ಉಪ್ಪು ಕಾಗದದ ಹಾಗೆ ತರಿತರಿ. ದೊಡ್ಡ ಮೀನಾದರೆ ಇನ್ನೊಂದು ಕೈ ಹೊಟ್ಟೆಯಡಿಗೆ ಕೊಡಿ, ಇಲ್ಲದಿದ್ದರೆ ದವಡೆಗೆ ಪೆಟ್ಟಾಗುತ್ತದೆ. ಸಂಜೆ ಹೆಬ್ಬೆರಳು ತರಚಿ ಫೋನ್ ಕೂಡ ಬೆರಳಚ್ಚು ಗುರುತಿಸಲಿಲ್ಲ. ಮೊಸಳೆಗಳು, ಅಂದರೆ ಅಲಿಗೇಟರ್‌ಗಳು, ದಡದಲ್ಲಿ ಬಿಸಿಲು ಕಾಯಿಸುತ್ತಾ ಇದ್ದವು. ಅವುಗಳ ಪಾಡಿಗೆ ಅವು. ಏನನ್ನೂ ಎಸೆಯಬೇಡಿ, ಅವಕ್ಕೆ ತಿನ್ನಿಸುವುದು ಅಲ್ಲಿ ಅಪರಾಧ.

ಶನಿವಾರ ಹೋಗಲೇಬೇಡಿ. ಯಾವುದೋ ಟೂರ್ನಮೆಂಟ್ ಇತ್ತು, ಬೆಳಗ್ಗೆ ಐದಕ್ಕೇ ದೋಣಿ ಇಳಿಸುವ ಇಳಿಜಾರಿನಲ್ಲಿ ಟ್ರಕ್ಕುಗಳ ಸಾಲು, ಬೈಗುಳ, ಹೊಗೆ. ನನಗೆ ಜನಜಂಗುಳಿ ಮೊದಲೇ ಆಗಲ್ಲ, ನಾವು ವಾಪಸ್ ಬಂದು ಮಲಗಿದೆವು. ಬೇರೆಯವರಿಗೆ ಅದೂ ಒಂದು ಜಾತ್ರೆ ಅನ್ನಿಸಬಹುದು.

ಊಟದ ಬಗ್ಗೆ ಹೇಳದೆ ಬಿಟ್ಟರೆ ಪಾಪ ಬರುತ್ತದೆ. ಹೆದ್ದಾರಿ ಬದಿಯಲ್ಲಿ ಒಂದು ಸಣ್ಣ ಕ್ಯೂಬನ್ ಅಂಗಡಿ. ಆರು ಮೇಜು, ಗೋಡೆಗೆ ಫ್ಯಾನ್, ಕೌಂಟರ್‌ನಲ್ಲಿ ಅಜ್ಜಿ. ಕಬ್ಬಿನ ಫ್ಯಾಕ್ಟರಿ ಕೆಲಸದವರೆಲ್ಲಾ ಅಲ್ಲೇ. ಅನ್ನದ ಮೇಲೆ ಕಪ್ಪು ಹುರುಳಿಯಂಥ ಕಾಳಿನ ಗಟ್ಟಿ ಸಾರು, ಪಕ್ಕದಲ್ಲಿ ಕಳಿತ ಬಾಳೆಕಾಯಿ ಕರಿದದ್ದು, ಅದು ಅಂಚಿನಲ್ಲಿ ಕಪ್ಪಗೆ ಪಾಕ ಹಿಡಿದಿರುತ್ತದೆ. ಒಂಬತ್ತು ಡಾಲರ್‌ಗೆ ಇಬ್ಬರು ತಿನ್ನುವಷ್ಟು. ಕೆಲವು ಕಡೆ ಆ ಕಾಳಿಗೆ ಹಂದಿ ಮಾಂಸ ಹಾಕಿ ಬೇಯಿಸುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಗೆಳೆಯ ಕೇಳಿದ್ದಕ್ಕೆ ಅಜ್ಜಿ ಒಳಗೆ ಹೋಗಿ, ಪಾತ್ರೆಯನ್ನೇ ಹೊತ್ತು ತಂದು ಸೌಟಲ್ಲಿ ತಿರುವಿ ತೋರಿಸಿದಳು, ಇಲ್ಲ ನೋಡು ಅಂತ. ಅವನು ಅಲ್ಲೇ ಕೈ ಮುಗಿದ. ಆಮೇಲೆ ಎರಡು ಹೊತ್ತೂ ಅಲ್ಲೇ. ಅವರ ಕಾಫಿಯೂ ನಮ್ಮದರ ಹಾಗೆ, ಗಟ್ಟಿ ಡಿಕಾಕ್ಷನ್, ಬಿಸಿ ಹಾಲು, ಧಾರಾಳ ಸಕ್ಕರೆ. ಬೆಳಗ್ಗೆ ಐದಕ್ಕೆ ತೆರೆಯುತ್ತಾರೆ, ಫ್ಲಾಸ್ಕ್ ತೆಗೆದುಕೊಂಡು ಹೋದರೆ ದೋಣಿಗೂ ತುಂಬಿಸಿ ಕೊಡುತ್ತಾರೆ. ಭಾನುವಾರ ಮುಚ್ಚಿರುತ್ತದೆ, ನಾವು ಹೋಗಿ ಬಾಗಿಲು ಬಡಿದು ವಾಪಸ್ ಬಂದೆವು.