ರದ್ದು ಮಾಡಿದ್ದು ವಿಮಾನದವರು, ಬಟನ್ ಒತ್ತಿದ್ದು ನಾನು

ಡಿಸೆಂಬರ್ ಬಂತು ಅಂದರೆ ನಮ್ಮ ಟ್ರಾವೆಲ್ಸ್‌ನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಸಣ್ಣ ಅಂಗಡಿ. ಒಂದು ಟೇಬಲ್ ಬಸ್ಸಿಗೆ, ಒಂದು ತತ್ಕಾಲ್‌ಗೆ, ಇನ್ನೊಂದು ಏರ್ ಟಿಕೆಟ್‌ಗೆ. ಆ ಮೂರನೆಯದು ನನ್ನದು. ದೇವನಹಳ್ಳಿ ಏರ್‌ಪೋರ್ಟ್ ನಮಗೆ ಹತ್ತಿರ. ಹಾಗಾಗಿ ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು ಕಡೆಯವರೂ ನಮ್ಮಲ್ಲೇ ಟಿಕೆಟ್ ಹೊಡೆಸುತ್ತಾರೆ.

2023ರ ಡಿಸೆಂಬರ್ ಕೊನೆಯ ವಾರದ ಮಾತು ಇದು. ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಶಿಡ್ಲಘಟ್ಟದ ರೀಲರ್, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವವರು, ಒಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ದೆಹಲಿ, ಆಗ್ರಾ, ಹರಿದ್ವಾರಕ್ಕೆ ಹೊರಟಿದ್ದರು. ಏಳು ಪ್ಯಾಕ್ಸ್, ಅಂದರೆ ಏಳು ಪ್ರಯಾಣಿಕರು. ಅಜ್ಜಿ ಒಬ್ಬರು, ಇಬ್ಬರು ಮಕ್ಕಳು. ಹೋಗಿ ಬರುವುದು ಒಂದೇ ಪಿಎನ್‌ಆರ್‌ನಲ್ಲಿ, ರಜೆಯ ರೇಟು, ತಲಾ 15,800 ರೂಪಾಯಿ. ಆ ವಾರ ಗೂಡು ತೆಗೆದುಕೊಳ್ಳದೆ, ಕೆಲಸದವರಿಗೆ ರಜೆ ಕೊಟ್ಟು ಹೊರಟಿದ್ದರು. ರೀಲಿಂಗ್ ಮನೆಯವರಿಗೆ ಒಂದು ವಾರ ಒಲೆ ಆರಿಸುವುದು ಅಂದರೆ ಸಣ್ಣ ಮಾತಲ್ಲ.

ಬೆಳಗಿನ 6ರ ವಿಮಾನ. ಅವರ ಫೋನ್ ಬಂದದ್ದು 3:46ಕ್ಕೆ.

"ಅಮ್ಮಾ, ಬೋರ್ಡ್‌ನಲ್ಲಿ ಕೆಂಪಗೆ ಕ್ಯಾನ್ಸಲ್ ಅಂತ ಬರ್ತಾ ಇದೆ. ನಮ್ಮದೇನಾ ನೋಡಿ."

ಹಾಸಿಗೆಯಲ್ಲೇ ಎದ್ದು ಕೂತು ಲ್ಯಾಪ್‌ಟಾಪ್ ತೆರೆದೆ. ನಾವು ಟಿಕೆಟ್ ಹೊಡೆಯುವ ಪೋರ್ಟಲ್‌ನಲ್ಲಿ ಇನ್ನೂ ಕನ್ಫರ್ಮ್ ಅಂತಲೇ ಇತ್ತು. ವಿಮಾನದ ನಂಬರ್ ಓದಿಸಿದೆ. ಅವರದೇ.

"ದೆಹಲಿಯಲ್ಲಿ ಮಂಜಂತೆ. ಇಲ್ಲಿ ನಕ್ಷತ್ರ ಕಾಣಿಸ್ತಾ ಇದೆಯಲ್ಲಮ್ಮ" ಅಂದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ರಾತ್ರಿ ದೆಹಲಿಯಿಂದ ಬಂದು ಬೆಳಿಗ್ಗೆ ವಾಪಸ್ ಹೋಗಬೇಕಿದ್ದ ವಿಮಾನ ಅಲ್ಲಿಂದ ಎದ್ದೇ ಇರಲಿಲ್ಲ. ಆದರೆ ಅದನ್ನು ಬಿಡಿಸಿ ಹೇಳುವ ಸಮಾಧಾನ ಆಗ ನನಗಿರಲಿಲ್ಲ. ನನ್ನ ಕಣ್ಣೆಲ್ಲ ಗಡಿಯಾರದ ಮೇಲಿತ್ತು. ಆ ಟಿಕೆಟ್‌ನ ಫೇರ್ ರೂಲ್ ಪ್ರಕಾರ ಹೊರಡುವ 2 ಗಂಟೆ ಮುಂಚೆ ಕ್ಯಾನ್ಸಲ್ ಮಾಡದಿದ್ದರೆ ನೋ ಷೋ, ಪ್ರಯಾಣಿಕರು ಬರಲೇ ಇಲ್ಲ ಅಂತ ಲೆಕ್ಕ. ಅಂದರೆ 4 ಗಂಟೆಯೊಳಗೆ ಮಾಡಬೇಕು. ಪೋರ್ಟಲ್ ಕನ್ಫರ್ಮ್ ಅಂತ ತೋರಿಸುತ್ತಿದೆ, ಏರ್‌ಲೈನ್ ಕಾಲ್ ಸೆಂಟರ್‌ನಲ್ಲಿ ಬರೀ ಸಂಗೀತ, ನಮ್ಮ ಓನರ್ ಫೋನ್ ಸ್ವಿಚ್ ಆಫ್, ಆ ಕಡೆ ಮಗು ಅಳುವ ಸದ್ದು, ಗಂಟೆ ಮೂರು ಐವತ್ತೈದು.

"ಅಣ್ಣ, ವೆದರ್ ಅಂದಮೇಲೆ ಅವರು ಏನೂ ಕೊಡಲ್ಲ. ನೋ ಷೋ ಆದರೆ ಎಲ್ಲಾ ಹೋಗುತ್ತೆ. ಕ್ಯಾನ್ಸಲ್ ಮಾಡಿಬಿಡ್ಲಾ? ಉಳಿದಷ್ಟು ಉಳಿಸಿಕೊಳ್ಳೋಣ" ಅಂದೆ.

"ನಿಮಗೆ ಗೊತ್ತಲ್ಲಮ್ಮ, ನೀವು ಹೇಳಿದಂಗೆ" ಅಂದರು.

3:57ಕ್ಕೆ ಒತ್ತಿದೆ. ಕಾರಣ ಅಂತ ಒಂದು ಬಾಕ್ಸ್ ಬರುತ್ತದೆ. ಅದರಲ್ಲಿ ಮೊದಲಿಗೇ ಇರುವುದು ವಾಲಂಟರಿ, ಅಂದರೆ ಪ್ರಯಾಣಿಕರೇ ಬೇಡ ಅಂದದ್ದು. ಕೆಳಗೆ ಇಳಿಸಿದರೆ 'ಏರ್‌ಲೈನ್ ರದ್ದು ಮಾಡಿದೆ' ಅನ್ನುವುದೂ ಇದೆ. ನಾನು ಇಳಿಸಿ ನೋಡಲಿಲ್ಲ.

ಅವರು ಅಷ್ಟರಲ್ಲೇ ಕೌಂಟರ್ ಮುಂದಿನ ಸಾಲಿನಲ್ಲಿ ನಿಂತಿದ್ದರು. ಅಜ್ಜಿಯನ್ನು ಟ್ರಾಲಿ ಪಕ್ಕ ಬ್ಯಾಗಿನ ಮೇಲೆ ಕೂರಿಸಿದ್ದರಂತೆ. ಒಂದೂವರೆ ಗಂಟೆ ಬಿಟ್ಟು ಮತ್ತೆ ಫೋನ್ ಬಂತು. ಈ ಸಲ ದನಿ ಬೇರೆ ಇತ್ತು.

"ನಮ್ಮ ಹಿಂದೆ ಇದ್ದೋರಿಗೆಲ್ಲ ನಾಳೆ ಮಧ್ಯಾಹ್ನದ ವಿಮಾನ ಕೊಟ್ರು. ಒಂದು ರೂಪಾಯಿ ಕೇಳಲಿಲ್ಲ. ನಮಗೆ ಮಾತ್ರ, ನಿಮ್ಮ ಏಜೆಂಟೇ ಟಿಕೆಟ್ ಕ್ಯಾನ್ಸಲ್ ಮಾಡಿದ್ದಾರೆ, ನಮ್ಮ ಕೈಲಿ ಏನೂ ಇಲ್ಲ ಅಂತಿದ್ದಾರೆ. ಏನಮ್ಮ ಇದು?"

ನನಗೆ ಮಾತು ಹೊರಡಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನಕ್ಕೆ ಹೊಸ ಟಿಕೆಟ್ ನೋಡಿದೆ, ಒಬ್ಬರಿಗೆ ಒಂದು ಕಡೆಗೇ 18,000 ದಾಟಿತ್ತು. ಬಂದಿದ್ದ ಟೆಂಪೋದಲ್ಲೇ ಏಳೂ ಜನ ಶಿಡ್ಲಘಟ್ಟಕ್ಕೆ ವಾಪಸ್ ಹೋದರು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಲ್ಲೇ ಇದಕ್ಕೆ ನಿಯಮ ಮಾಡಿದೆ. ಆಮೇಲೆ ತಿದ್ದುಪಡಿಯೂ ಆಗಿದೆ. ನಾಲ್ಕು ವರ್ಷದಿಂದ ಟಿಕೆಟ್ ಹೊಡೆಯುತ್ತಿದ್ದ ನಾನು ಒಂದು ಸಲವೂ ಪೂರ್ತಿ ಓದಿರಲಿಲ್ಲ. ಆ ದಿನ ಅಂಗಡಿಯಲ್ಲಿ ಕೂತು ಓದಿದೆ. ವಿಮಾನ ರದ್ದಾದರೆ ಸಿಗಬೇಕಾದವು ಎರಡು ಬೇರೆ ಬೇರೆ. ಒಂದು, ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್. ಇನ್ನೊಂದು ಪರಿಹಾರ, ಅಂದರೆ ಅದರ ಮೇಲೆ ಕೊಡುವ ದುಡ್ಡು. ಮುಂಚೆ ತಿಳಿಸದೆ ರದ್ದು ಮಾಡಿದರೆ, ಹಾರಾಟ 1 ಗಂಟೆಯೊಳಗಿನದಾದರೆ 5,000 ರೂಪಾಯಿ, 2 ಗಂಟೆವರೆಗೆ 7,500, ಅದಕ್ಕಿಂತ ಜಾಸ್ತಿಯಾದರೆ 10,000. ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಮಂಜು, ಮಳೆ, ಮುಷ್ಕರದಂಥ ಕಾರಣಕ್ಕೆ ತಪ್ಪಿಹೋಗುವುದು ಈ ಪರಿಹಾರ ಮಾತ್ರ. ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ, ಇದನ್ನು ಯಾವ ಮಂಜೂ ಕಿತ್ತುಕೊಳ್ಳುವುದಿಲ್ಲ. ಏರ್‌ಪೋರ್ಟ್‌ಗೆ ಬಂದು ರಿಪೋರ್ಟ್ ಮಾಡಿ ಬೇರೆ ವಿಮಾನಕ್ಕೆ ಕಾಯುವವರಿಗೆ ತಿಂಡಿ, ನೀರನ್ನೂ ಕೊಡಬೇಕು. ನಾನು "ಏನೂ ಕೊಡಲ್ಲ" ಅಂದದ್ದು ಈ ಎರಡನ್ನೂ ಒಂದೇ ಅಂದುಕೊಂಡು. ರದ್ದು ಮಾಡಿದ್ದು ಅವರಾದ ಮೇಲೆ ನೋ ಷೋ ಎಲ್ಲಿಂದ ಬರುತ್ತದೆ? ಅಷ್ಟು ಸರಳ ವಿಷಯ ಆ ಹನ್ನೊಂದು ನಿಮಿಷದಲ್ಲಿ ತಲೆಗೆ ಹೊಳೆಯಲಿಲ್ಲ.

ಮಂಜು ಅಂದಾಕ್ಷಣ ಒಪ್ಪಿಕೊಳ್ಳಲೂ ಬಾರದು ಅಂತ ಮುಂದಿನ ತಿಂಗಳು ಗೊತ್ತಾಯಿತು. ಕಡಿಮೆ ಕಾಣುವ ಹವೆಯಲ್ಲಿ ಇಳಿಸಲು ತರಬೇತಿಯಾದ ಪೈಲಟ್‌ಗಳನ್ನು ದೆಹಲಿಗೆ ಹಾಕಿರಲಿಲ್ಲ ಅಂತ 2024ರ ಜನವರಿಯಲ್ಲಿ ಡಿಜಿಸಿಎ ಎರಡು ಕಂಪನಿಗಳಿಗೆ ತಲಾ 30 ಲಕ್ಷ ದಂಡ ಹಾಕಿತು. ರನ್‌ವೇಯಲ್ಲಿ ಕ್ಯಾಟ್ 3, ಅಂದರೆ ದಟ್ಟ ಮಂಜಿನಲ್ಲೂ ಇಳಿಸುವ ವ್ಯವಸ್ಥೆ, ಇದ್ದರೂ ಓಡಿಸುವವರಿಗೆ ಆ ತರಬೇತಿ ಇಲ್ಲದಿದ್ದರೆ ಅದನ್ನು ಹವಾಮಾನ ಅನ್ನುವುದು ಹೇಗೆ? ಅದಕ್ಕೇ ಈಗ ಕೌಂಟರ್‌ನಲ್ಲಿ ಕಾರಣ ಬರೆಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಇನ್ನು ಆಫೀಸಿನ ವಿಷಯ. ಬೆಳಿಗ್ಗೆ ಷಟರ್ ಎತ್ತಿದಾಗ ಚಾರ್ಜಿಗೆ ಹಾಕಿದ್ದ ಅಂಗಡಿ ಮೊಬೈಲ್‌ನಲ್ಲಿ ಮೆಸೇಜ್ ಇತ್ತು. ವಿಮಾನ ರದ್ದಾಗಿದೆ, ಬೇರೆ ದಿನ ಅಥವಾ ರೀಫಂಡ್ ಆರಿಸಿ ಅಂತ. ಬಂದದ್ದು ಹಿಂದಿನ ರಾತ್ರಿ 11:40ಕ್ಕೆ. ಅವರು ಮನೆ ಬಿಟ್ಟದ್ದು ರಾತ್ರಿ 2ಕ್ಕೆ.

ನಮ್ಮಲ್ಲಿ ಯಾವ ಬುಕಿಂಗ್‌ಗೂ ಪ್ಯಾಸೆಂಜರ್ ನಂಬರ್ ಹಾಕುತ್ತಿರಲಿಲ್ಲ. ಅಂಗಡಿಯದೇ ಹಾಕಬೇಕು ಅಂತ ಓನರ್ ಆರ್ಡರ್. ಗಿರಾಕಿ ನಂಬರ್ ಕೊಟ್ಟರೆ ಏರ್‌ಲೈನ್‌ನವರು ಆಫರ್ ಕಳಿಸುತ್ತಾರೆ, ಮುಂದಿನ ಸಲ ಅವರೇ ನೇರ ಬುಕ್ ಮಾಡಿಕೊಳ್ಳುತ್ತಾರೆ ಅನ್ನುವ ಭಯ. ಇದು ನಮ್ಮ ಅಂಗಡಿಯೊಂದರ ಅಭ್ಯಾಸವಲ್ಲ. ಆದರೆ ಸರಿಯಾದ ಸಂಪರ್ಕ ಕೊಡದ ಪ್ರಯಾಣಿಕರಿಗೆ ಪರಿಹಾರ ಇಲ್ಲ ಅಂತ ಅದೇ ನಿಯಮದಲ್ಲಿದೆ. ಅಂದರೆ ನಮ್ಮ ವ್ಯಾಪಾರ ಉಳಿಸಿಕೊಳ್ಳಲು ಅವರ ಹಕ್ಕನ್ನೇ ಅಡವಿಟ್ಟ ಹಾಗೆ ಆಯಿತು. ನಾನೂ ಒಂದು ದಿನ ಪ್ರಶ್ನೆ ಮಾಡಿರಲಿಲ್ಲ. ಸುಮ್ನೆ ಟೈಪ್ ಮಾಡುತ್ತಿದ್ದೆ.

ಪೋರ್ಟಲ್‌ನವರು ತಲಾ 7,000 ಹಿಡಿದು ಉಳಿದದ್ದು ವಾಲೆಟ್‌ಗೆ ಹಾಕಿದರು. ಏಳು ಜನಕ್ಕೆ 49,000. ನನ್ನ ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ. ಓನರ್ "ಪಾರ್ಟಿಗೆ ಹೇಳು, ಅಷ್ಟೇ ಬಂದಿದ್ದು ಅಂತ" ಅಂದರು. ನಾನು ಹಾಗೆ ಹೇಳಲಿಲ್ಲ. 11:40ರ ಮೆಸೇಜಿನ ಸ್ಕ್ರೀನ್‌ಶಾಟ್, 3:57ರ ಕ್ಯಾನ್ಸಲೇಷನ್ ರಸೀದಿ, ಎರಡನ್ನೂ ಹಾಕಿ ಏರ್‌ಲೈನ್‌ಗೆ ಮೇಲ್ ಮಾಡಿದೆ. ನಾನು ಒತ್ತುವ ನಾಲ್ಕು ಗಂಟೆ ಮೊದಲೇ ಆ ವಿಮಾನ ಇರಲಿಲ್ಲ ಅಲ್ವಾ? ಇಲ್ಲದ ವಿಮಾನಕ್ಕೆ ಕ್ಯಾನ್ಸಲೇಷನ್ ಚಾರ್ಜ್ ಹೇಗೆ? ಮೊದಲ ಉತ್ತರದಲ್ಲಿ ಪೋರ್ಟಲ್‌ನವರನ್ನು ಕೇಳಿ ಅಂದರು. ಪೋರ್ಟಲ್‌ನವರು ಏರ್‌ಲೈನ್ ಕಡೆ ತೋರಿಸಿದರು. ಏಜೆಂಟ್ ಮೂಲಕ ಕೊಂಡ ಟಿಕೆಟ್‌ಗೂ ರೀಫಂಡ್ ಹೊಣೆ ಏರ್‌ಲೈನ್‌ನದೇ, 30 ಕೆಲಸದ ದಿನದೊಳಗೆ ಆಗಬೇಕು ಅಂತ ಆಗಿನ ನಿಯಮದಲ್ಲಿದ್ದ ಸಾಲನ್ನು ಎತ್ತಿ ಬರೆದು ಸರ್ಕಾರದ ದೂರು ತಾಣ ಏರ್‌ಸೇವಾದಲ್ಲಿ ದೂರು ಹಾಕಿದೆ. ಆಮೇಲೆ ಏರ್‌ಲೈನ್‌ನವರು ಕ್ರೆಡಿಟ್ ಷೆಲ್, ಅಂದರೆ ದುಡ್ಡಿನ ಬದಲು ಮುಂದಿನ ಟಿಕೆಟ್‌ಗೆ ಜಮೆ, ಕೊಡುತ್ತೇವೆ ಅಂದರು. ಅದು ಪ್ರಯಾಣಿಕರ ಇಷ್ಟಕ್ಕೆ ಬಿಟ್ಟದ್ದು, ನೀವಾಗಿ ಹಾಕುವ ಹಾಗಿಲ್ಲ ಅಂತ ಅದಕ್ಕೂ ನಿಯಮ ತೋರಿಸಿದೆ. ಫೆಬ್ರವರಿ ಎರಡನೇ ವಾರ ಪೂರ್ತಿ 49,000 ಬಂತು.

ದೆಹಲಿಯ ಗಾಡಿಗೆ ಕೊಟ್ಟಿದ್ದ 6,000 ಅಡ್ವಾನ್ಸ್ ಬರಲಿಲ್ಲ. ಅದು ವಿಮಾನದವರ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ತಿಂಗಳಲ್ಲಿ ನನ್ನ ಸಂಬಳದಿಂದ ಕೊಟ್ಟೆ. ರೀಲರ್ ಬೇಡ ಅಂದರು, ಆದರೂ ಕೊಟ್ಟೆ.

ಓನರ್ ಜೊತೆ ನಂಬರ್ ವಿಷಯಕ್ಕೆ ಜಗಳವೇ ಆಯಿತು. ಕೊನೆಗೆ ಪ್ಯಾಸೆಂಜರ್ ನಂಬರ್ ಮೊದಲು, ಅಂಗಡಿಯದು ಎರಡನೆಯದು ಅಂತ ಒಪ್ಪಿದರು. ಕೆಲವು ಗಿರಾಕಿಗಳು ನೇರ ಬುಕಿಂಗ್‌ಗೆ ಹೋದದ್ದೂ ನಿಜ.

ಆ ರೀಲರ್ ಮುಂದಿನ ದಸರಾ ರಜೆಗೆ ಮತ್ತೆ ನಮ್ಮಲ್ಲಿಗೇ ಬಂದರು. ಈ ಸಲ ಆರೇ ಆಧಾರ್ ಕಾರ್ಡ್ ಇಟ್ಟರು. "ಅಮ್ಮ ಬರಲ್ಲ ಅಂತಾರೆ, ಆವತ್ತು ಚಳೀಲಿ ಕೂತಿದ್ದೇ ಸಾಕಂತೆ" ಅಂದರು. ಕಾರ್ಡುಗಳ ಮೇಲೆ ಒಂದು ಚೀಟಿ ಇತ್ತು. ಅದರಲ್ಲಿ ಅವರ ನಂಬರ್, ಅದರ ಕೆಳಗೆ ಅವರ ಹೆಂಡತಿಯ ನಂಬರ್, ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದಿದ್ದರು.