ನೊಬೆಲ್: ಒಂದು ಹೊಸಹಳ್ಳಿಯ ಹೆಸರು

ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಶುರು ಮಾಡಿದ ವರ್ಷದಿಂದಲೂ ಕೇಳಿಸಿಕೊಳ್ಳುತ್ತಿದ್ದೇನೆ. "ಮೇಡಂ, ನೊಬೆಲ್ ಅಂದ್ರೆ ನೋಬಲ್ ತಾನೆ? ಶ್ರೇಷ್ಠ ಅಂತ ಅರ್ಥ ಅಲ್ವಾ?" ಮಕ್ಕಳು ಮಾತ್ರ ಅಲ್ಲ, ಸ್ಟಾಫ್ ರೂಮಿನಲ್ಲೂ ಕೇಳುತ್ತಾರೆ. ಮದುವೆ ಮನೆಯ ಊಟದ ಸಾಲಿನಲ್ಲೂ ಒಮ್ಮೆ ಕೇಳಿದ್ದರು. ಅಷ್ಟು ದೊಡ್ಡ ಪ್ರಶಸ್ತಿ, ಹೆಸರಿಗೂ ಅಂಥದ್ದೇ ಅರ್ಥ ಇರಬೇಕು ಅಂತ ಅನ್ನಿಸುವುದು ಸಹಜ.

ಆದರೆ ಅದು ಪ್ರಶಸ್ತಿ ಹುಟ್ಟುಹಾಕಿದ ಆಲ್‌ಫ್ರೆಡ್ ನೊಬೆಲ್ ಅವರ ಮನೆತನದ ಹೆಸರು. ಆ ಹೆಸರು ಹುಟ್ಟಿದ್ದು ಒಂದು ಹಳ್ಳಿಯಿಂದ.

ಸ್ವೀಡನ್ನಿನ ದಕ್ಷಿಣ ತುದಿಯಲ್ಲಿ ಸ್ಕೋನೆ ಅನ್ನುವ ಪ್ರಾಂತ್ಯವಿದೆ. ಅದರ ಪೂರ್ವ ಭಾಗದಲ್ಲಿ, ಸಮುದ್ರದ ಕಡೆ, ಓಸ್ಟ್ರ ನೊಬೆಲೊವ್ ಎಂಬ ಹಳ್ಳಿ. ಓಸ್ಟ್ರ ಅಂದರೆ ಪೂರ್ವ. ಪೂರ್ವದ್ದು ಅಂತ ಹೇಳಬೇಕಾಗಿದ್ದು ಏಕೆಂದರೆ ಅದೇ ಪ್ರಾಂತ್ಯದಲ್ಲಿ ಉತ್ತರದ ನೊಬೆಲೊವ್ ಇದೆ, ಪಶ್ಚಿಮದ ನೊಬೆಲೊವ್ ಕೂಡ ಇದೆ. ಈ ಪೂರ್ವದ ಹಳ್ಳಿಯಲ್ಲಿ 1655ರಲ್ಲಿ ಪೆಟ್ರುಸ್ ಎಂಬ ಹುಡುಗ ಹುಟ್ಟಿದ. ಆಗ ಸ್ಕೋನೆ ಡೆನ್ಮಾರ್ಕಿನ ಕೈಯಲ್ಲಿತ್ತು. ಹುಡುಗನಿಗೆ ಮೂರು ವರ್ಷವಾಗುವ ಹೊತ್ತಿಗೆ, 1658ರ ರೊಸ್ಕಿಲ್ಡೆ ಒಪ್ಪಂದದಿಂದ, ಇಡೀ ಪ್ರಾಂತ್ಯ ಸ್ವೀಡನ್ನಿಗೆ ಸೇರಿತು. ಹಳ್ಳಿ ಇದ್ದಲ್ಲೇ ಇತ್ತು, ದೇಶ ಮಾತ್ರ ಬದಲಾಯಿತು.

ಆ ಕಾಲದ ಸ್ವೀಡನ್ನಿನಲ್ಲಿ ಸಾಮಾನ್ಯ ಜನರಿಗೆ ಮನೆತನದ ಹೆಸರೇ ಇರಲಿಲ್ಲ. ಆಂಡರ್ಸ್ ಎಂಬವನ ಮಗ ಆಂಡರ್ಸನ್. ಅವನಿಗೆ ಯೊಹಾನ್ ಎಂಬ ಮಗ ಹುಟ್ಟಿ, ಆ ಯೊಹಾನನಿಗೂ ಮಕ್ಕಳಾದರೆ ಅವರು ಯೊಹಾನ್ಸನ್. ತಲೆಮಾರಿಗೊಮ್ಮೆ ಹೆಸರು ಬದಲು. ಆದರೆ ಓದಲು ಹೋದವರ ದಾರಿ ಬೇರೆ. ವಿಶ್ವವಿದ್ಯಾಲಯದ ಭಾಷೆ ಲ್ಯಾಟಿನ್. ಪಾದ್ರಿಯೋ ನ್ಯಾಯಾಧೀಶನೋ ಆಗಬೇಕೆಂದು ಬಂದ ಹಳ್ಳಿಯ ಹುಡುಗರು ತಮ್ಮ ಊರನ್ನೋ ತೋಟವನ್ನೋ ಮರವನ್ನೋ ಲ್ಯಾಟಿನ್ನಿಗೆ ಒಗ್ಗಿಸಿ ಹೊಸ ಹೆಸರು ಕಟ್ಟಿಕೊಳ್ಳುತ್ತಿದ್ದರು. ನಮ್ಮ ಜೀವಶಾಸ್ತ್ರದ ಪಾಠದಲ್ಲಿ ಬರುವ ಲಿನ್ನೇಯಸ್ ಹಾಗೆ ಬಂದ ಹೆಸರು. ಅವರ ತಂದೆ ತಮ್ಮ ಹಿರಿಯರ ಜಮೀನಿನಲ್ಲಿದ್ದ ಲಿಂಡನ್ ಮರದಿಂದ ಅದನ್ನು ಮಾಡಿಕೊಂಡರು. ರಸಾಯನಶಾಸ್ತ್ರದ ಬರ್ಜೀಲಿಯಸ್ ಹೆಸರಿನ ಹಿಂದೆ ಬೆರಿಸೆಟ್ಟರ್ ಎಂಬ ಒಂದು ಹೊಲಮನೆ ಇದೆ. ಥರ್ಮಾಮೀಟರಿನ ಸೆಲ್ಸಿಯಸ್ ಕೂಡ ಇದೇ ಸಾಲಿನವರು. ಈ ವಿಷಯ ಗೊತ್ತಾದ ಮೇಲೆ ಪಾಠ ಮಾಡುವಾಗ ಆ ಹೆಸರುಗಳ ಹಿಂದೆ ನನಗೆ ಮರ, ಹೊಲ, ದಿಬ್ಬಗಳು ಕಾಣಿಸತೊಡಗಿದವು.

ಪೆಟ್ರುಸ್ 1682ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದ. ಊರಿನ ಹೆಸರಿಗೆ ಲ್ಯಾಟಿನ್ ಬಾಲ ಸೇರಿಸಿ ನೊಬೆಲಿಯುಸ್ ಎಂದು ಬರೆಸಿಕೊಂಡ. ನೊಬೆಲ್ ಎಂಬ ಮನೆತನದ ಹೆಸರಿನ ಮೊದಲ ರೂಪ ಇದು. ಮುಂದೆ ಅವನು ನ್ಯಾಯಾಧೀಶನಾದ. 1696ರಲ್ಲಿ ವೆಂಡೆಲಾ ರುಡ್‌ಬೆಕ್ ಎಂಬಾಕೆಯನ್ನು ಮದುವೆಯಾದ. ಆಕೆಯ ತಂದೆ ಓಲೊಫ್ ರುಡ್‌ಬೆಕ್ ಸಾಮಾನ್ಯರಲ್ಲ. ನಮ್ಮ ದೇಹದ ದುಗ್ಧರಸ ನಾಳಗಳನ್ನು ಮೊದಲಿಗೆ ಗುರುತಿಸಿದವರಲ್ಲಿ ಒಬ್ಬರು. ಹಳ್ಳಿಯಿಂದ ಬಂದ ಹುಡುಗ ಆ ಮನೆಯ ಅಳಿಯನಾದ. ಪ್ರಶಸ್ತಿಯ ಕಥೆ ಹೇಳುವಾಗ ಎಲ್ಲರೂ ಡೈನಮೈಟ್‌ನಿಂದ ಶುರು ಮಾಡುತ್ತಾರೆ. ನನಗೆ ಮಾತ್ರ ಈ ಮದುವೆಯಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ.

ಇನ್ನು ಅರ್ಥ. ನೊಬೆಲೊವ್ ಎಂಬುದರ ಹಳೆಯ ರೂಪದಲ್ಲಿ ಎರಡು ಪದಗಳಿವೆ. ಒಂದು ‘ನ್ಯೂ’, ಅಂದರೆ ಹೊಸ. ಇನ್ನೊಂದು ‘ಬೋಲೆ’, ಅಂದರೆ ಜನ ನೆಲೆ ನಿಂತ ಜಾಗ. ಸ್ಕೋನೆಯಲ್ಲಿ ‘ಲೊವ್’ ಎಂದು ಕೊನೆಯಾಗುವ ಊರುಗಳು ಬಹಳ. ಅವುಗಳ ಪ್ರಭಾವದಿಂದ ಈ ಹೆಸರಿಗೂ ಆ ಬಾಲ ಬಂತು. ಅಂದಮೇಲೆ ನಮ್ಮ ಮಾತಿನಲ್ಲಿ ಹೇಳಿದರೆ ಅದು ಹೊಸಹಳ್ಳಿ.

ನನ್ನ ತವರು ಕೂಡ ಒಂದು ಹೊಸಹಳ್ಳಿ. ನನ್ನ ಹೆಸರಿನ ಹಿಂದಿರುವ ‘ಹೆಚ್’ ಅದೇ ಊರು. ಆ ಅರ್ಥ ಓದಿದ ದಿನ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ. ನಮ್ಮಲ್ಲೂ ಹೊಸಹಳ್ಳಿಗಳು ಎಷ್ಟೊಂದು ಇವೆ! ಯಾವ ಹೊಸಹಳ್ಳಿ ಅಂತ ಹೋಬಳಿ ಹೇಳದೆ ಬಸ್ಸಿನಲ್ಲಿ ಟಿಕೆಟ್ ಕೊಡುವುದಿಲ್ಲ. ಸ್ಕೋನೆಯವರಿಗೂ ಪೂರ್ವ, ಪಶ್ಚಿಮ, ಉತ್ತರ ಅಂತ ಹೇಳಬೇಕಾಗಿ ಬಂತು.

ನೊಬೆಲಿಯುಸ್ ನೊಬೆಲ್ ಆಗಿದ್ದು ಪೆಟ್ರುಸ್‌ನ ಮೊಮ್ಮಗನ ಕಾಲದಲ್ಲಿ. ಮಗ ಓಲೊಫ್ ಉಪ್ಸಾಲಾದಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಮೊಮ್ಮಗ ಇಮ್ಯಾನುಯೆಲ್ ಸೈನ್ಯದಲ್ಲಿ ಗಾಯಗಳಿಗೆ ಚಿಕಿತ್ಸೆ ಮಾಡುವ ಶಸ್ತ್ರವೈದ್ಯರಾದರು. ಅವರು ಲ್ಯಾಟಿನ್ ಬಾಲವನ್ನು ಕತ್ತರಿಸಿ ನೊಬೆಲ್ ಎಂದಷ್ಟೇ ಉಳಿಸಿಕೊಂಡರು. ಅವರ ಮಗನ ಹೆಸರೂ ಇಮ್ಯಾನುಯೆಲ್, ಆ ಇಮ್ಯಾನುಯೆಲ್ ಅವರ ಮಗ ಆಲ್‌ಫ್ರೆಡ್. 1833ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿ, 1867ರಲ್ಲಿ ಡೈನಮೈಟ್‌ಗೆ ಪೇಟೆಂಟ್ ಪಡೆದು, 1895ರಲ್ಲಿ ಪ್ಯಾರಿಸ್‌ನಲ್ಲಿ ಈ ಪ್ರಶಸ್ತಿಗಳಿಗೆ ಹಣ ಇಟ್ಟ ಉಯಿಲಿಗೆ ಸಹಿ ಹಾಕಿದವರು.

ಮುಂದಿನ ಪ್ರಶ್ನೆಯೂ ಗೊತ್ತು: "ಸ್ವೀಡನ್ನಿನಲ್ಲಿ ಈ ಹೆಸರು ತುಂಬಾ ಜನಕ್ಕೆ ಇರುತ್ತಾ?" ಇಲ್ಲ, ತುಂಬಾ ಕಡಿಮೆ. ಅಲ್ಲಿ ಜಾಸ್ತಿ ಇರುವುದು ಆಂಡರ್ಸನ್, ಯೊಹಾನ್ಸನ್ ಥರದವು. ಒಂದೊಂದಕ್ಕೂ ಲಕ್ಷಗಟ್ಟಲೆ ಜನ. ನೊಬೆಲ್ ಎಂಬುದು ಒಬ್ಬನೇ ವಿದ್ಯಾರ್ಥಿ ಕಟ್ಟಿಕೊಂಡ ಹೆಸರು, ಹಾಗಾಗಿ ಅವನ ವಂಶದಲ್ಲೇ ಉಳಿಯಿತು. ಆಲ್‌ಫ್ರೆಡ್ ಮದುವೆಯಾಗಲಿಲ್ಲ, ಅವರಿಗೆ ಮಕ್ಕಳಿರಲಿಲ್ಲ. ಕಿರಿಯ ತಮ್ಮ ಎಮಿಲ್ 1864ರಲ್ಲಿ ನೈಟ್ರೋಗ್ಲಿಸರಿನ್ ಸ್ಫೋಟದಲ್ಲಿ ತೀರಿಕೊಂಡ. ಇನ್ನೂ ಎಳೆಯ ವಯಸ್ಸು. ಹೆಸರು ಮುಂದುವರಿದಿದ್ದು ಅಣ್ಣಂದಿರಾದ ರಾಬರ್ಟ್ ಮತ್ತು ಲುಡ್ವಿಗ್ ಅವರ ಮಕ್ಕಳಿಂದ. ಈ ಅಣ್ಣಂದಿರು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಬಾಕು ನಗರದಲ್ಲಿ ಎಣ್ಣೆ ಬಾವಿಗಳ ದೊಡ್ಡ ಉದ್ಯಮ ಕಟ್ಟಿದವರು. 2017ರಿಂದ ಸ್ವೀಡನ್ನಿನಲ್ಲಿ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಕನಿಷ್ಠ 2000 ಜನ ಇಟ್ಟುಕೊಂಡಿರುವ ಮನೆತನದ ಹೆಸರನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದಕ್ಕಿಂತ ಕಡಿಮೆ ಜನರಿಗಿರುವ ಹೆಸರುಗಳಿಗೆ ರಕ್ಷಣೆ ಇದೆ. ಬೇಕೆಂದವರೆಲ್ಲ ನೊಬೆಲ್ ಆಗಲು ಬರುವುದಿಲ್ಲ.

ಆ ಮನೆಯವರು ಹೆಸರನ್ನು ಎಷ್ಟು ಜೋಪಾನ ಮಾಡುತ್ತಾರೆ ಅನ್ನುವುದಕ್ಕೆ ಒಂದು ಮಾತು. ಅರ್ಥಶಾಸ್ತ್ರದ ಪ್ರಶಸ್ತಿ ಆಲ್‌ಫ್ರೆಡ್ ಅವರ ಉಯಿಲಿನಲ್ಲಿ ಇರಲಿಲ್ಲ. ಸ್ವೀಡನ್ನಿನ ಕೇಂದ್ರ ಬ್ಯಾಂಕು 1968ರಲ್ಲಿ ಅವರ ನೆನಪಿಗೆಂದು ಅದನ್ನು ಶುರು ಮಾಡಿತು. ಅದಕ್ಕೆ ತಮ್ಮ ಮನೆತನದ ಹೆಸರು ಬಳಸಿದ್ದನ್ನು ಲುಡ್ವಿಗ್ ವಂಶದ ವಕೀಲ ಪೀಟರ್ ನೊಬೆಲ್ ಬಹಿರಂಗವಾಗಿ ವಿರೋಧಿಸಿದರು. ನನಗೆ ಅವರ ಮಾತು ಸರಿ ಅನ್ನಿಸುತ್ತದೆ.

ಕ್ಲಾಸಿನಲ್ಲಿ ಈ ಗೊಂದಲ ಬಿಡಿಸಲು ನಾನು ಆವರ್ತಕ ಕೋಷ್ಟಕವನ್ನೇ ತೋರಿಸುತ್ತೇನೆ. ಬಲತುದಿಯ ಕಂಬಸಾಲಿನಲ್ಲಿ ಹೀಲಿಯಂ, ನಿಯಾನ್, ಆರ್ಗಾನ್. ಇಂಗ್ಲಿಷಿನಲ್ಲಿ ಅವು ನೋಬಲ್ ಗ್ಯಾಸ್, ಬೇರೆ ಧಾತುಗಳ ಜೊತೆ ಸುಲಭವಾಗಿ ಬೆರೆಯದವು. ಅಲ್ಲಿ ನೋಬಲ್ ಎಂದರೆ ಹಿರಿಮೆಯ ಅರ್ಥವೇ. ಕೆಳಗಿನ ಸಾಲಿನಲ್ಲಿ 102ನೇ ಧಾತು ನೊಬೆಲಿಯಂ. ಅದು ಆಲ್‌ಫ್ರೆಡ್ ಅವರ ಹೆಸರು. ಒಂದೇ ಹಾಳೆಯ ಮೇಲೆ ಎರಡೂ ಇವೆ. ಶಸ್ತ್ರವೈದ್ಯರು ಕತ್ತರಿಸಿದ್ದ ಲ್ಯಾಟಿನ್ ಬಾಲ ಆ ಧಾತುವಿನ ಹೆಸರಿನಲ್ಲಿ ಮತ್ತೆ ಬೆಳೆದಿದೆ.

ಆಮೇಲೆ ಬೋರ್ಡಿನ ಮೇಲೆ ದೊಡ್ಡದಾಗಿ ‘ನೊ’ ಬರೆಯುತ್ತೇನೆ. ಸ್ವೀಡನ್ನಿನವರು ಮೊದಲ ಅಕ್ಷರವನ್ನು ಚಿಕ್ಕದಾಗಿ ಹೇಳಿ, ಒತ್ತನ್ನು ‘ಬೆಲ್’ ಮೇಲೆ ಹಾಕುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಮ್ಮ ಲಿಪಿಯಲ್ಲಿ ಹ್ರಸ್ವ ಬೇರೆ, ದೀರ್ಘ ಬೇರೆ. 1930ರಲ್ಲಿ ಸಿ. ವಿ. ರಾಮನ್ ಅವರಿಗೆ ಬಂದ ಪ್ರಶಸ್ತಿಯ ಬಗ್ಗೆ ಮಕ್ಕಳು ಪ್ರಬಂಧ ಬರೆದಾಗ ಎಷ್ಟೋ ಕಡೆ ‘ನೋಬಲ್’ ಎಂದಿರುತ್ತದೆ. ಅದಕ್ಕೆ ಅಂಕ ಕಳೆಯುವುದಿಲ್ಲ. ಕೆಂಪು ಪೆನ್ನಿನಿಂದ ತಿದ್ದಿ, ಪಕ್ಕದಲ್ಲಿ ಹೊಸಹಳ್ಳಿ ಎಂದು ಬರೆದು ಕೊಡುತ್ತೇನೆ.