ಅಪ್ಪನ ಬಾಯಲ್ಲಿ ಉಳಿದ ಒಂದೇ ಮಾತು

ಅಪ್ಪನಿಗೆ ಸ್ಟ್ರೋಕ್ ಆಗಿ 11 ವಾರ ಕಳೆದಿತ್ತು. ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಬಲಗೈ, ಬಲಗಾಲು ಸೋತವು, ಜೊತೆಗೆ ಮಾತೂ ಹೋಯಿತು. ಅದಕ್ಕೆ ಅಫೇಸಿಯಾ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಾವು ಹೇಳಿದ್ದು ಅವರಿಗೆ ಮುಕ್ಕಾಲು ಪಾಲು ಅರ್ಥ ಆಗುತ್ತದೆ, ಹೇಳಬೇಕಾದದ್ದೂ ಒಳಗೆ ಇದೆ, ಆದರೆ ಅದಕ್ಕೆ ಬೇಕಾದ ಪದ ಮಾತ್ರ ಕೈಗೆ ಸಿಗುವುದಿಲ್ಲ.

ಉಳಿದದ್ದು ಒಂದೇ ಮಾತು. "ಆಯ್ತು." ನೀರು ಬೇಕಾದರೂ ಆಯ್ತು, ಕಾಲು ನೋಯುತ್ತಿದ್ದರೂ ಆಯ್ತು, ದೀಪ ಆರಿಸು ಅನ್ನುವುದಕ್ಕೂ ಆಯ್ತು. ಬೇರೆ ಏನೋ ಹೇಳಲು ಹೋಗಿ ಮತ್ತೆ ಅದೇ ಬಂದಾಗ ಅವರ ಕಣ್ಣು ತುಂಬಿಕೊಳ್ಳುತ್ತಿತ್ತು. ನಾನು ಆ ಕಡೆ ತಿರುಗಿಬಿಡುತ್ತಿದ್ದೆ.

ಇದು ನಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಮನುಷ್ಯ. ಪ್ರತಿ ರಾತ್ರಿ ಸತ್ಯವೇದದ, ಅಂದರೆ ಬೈಬಲಿನ, ಒಂದು ಅಧ್ಯಾಯ ಓದಿ, ಆಮೇಲೆ ಮನೆಯವರು, ನೆರೆಯವರು, ಸಭೆಯವರು ಎಲ್ಲರ ಹೆಸರನ್ನೂ ದೇವರ ಮುಂದೆ ಇಡುತ್ತಿದ್ದರು. ಒಂದೇ ಅಧ್ಯಾಯ, ಜಾಸ್ತಿ ಇಲ್ಲ. ಚಿಕ್ಕವಳಿದ್ದಾಗ ಮುಂದೇನಾಯಿತು ಹೇಳಪ್ಪಾ ಅಂತ ನಾನು ಪೀಡಿಸಿದರೆ "ನಾಳೆಗೂ ಇರಲಿ ಮಗಳೇ" ಅನ್ನುತ್ತಿದ್ದರು. ಅಂಥವರ ಬಾಯನ್ನೇ ದೇವರು ಯಾಕೆ ಮುಚ್ಚಿದ? ನನಗೆ ಬೇರೆ ಪ್ರಶ್ನೆಯೇ ಇರಲಿಲ್ಲ.

ನೋಡಲು ಬಂದವರ ಬಳಿ ಉತ್ತರ ಇತ್ತು. "ಎಲ್ಲಾ ದೇವರ ಚಿತ್ತ." "ಒಳ್ಳೆಯದಕ್ಕೇ ಮಾಡಿರ್ತಾನೆ ಬಿಡಮ್ಮ." ಮನೆಯಲ್ಲಿ ಒಪ್ಪಿಕೊಳ್ಳದ ಪಾಪ ಏನಾದರೂ ಇದೆಯಾ, ಯೋಚನೆ ಮಾಡಿ ಅಂತಲೂ ಒಬ್ಬರು ಹೇಳಿ ಹೋದರು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಸ್ನೇಹಿತರೂ ಹೀಗೇ ಅಲ್ವಾ. ಮೊದಲ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು, ಅಷ್ಟು ಚೆನ್ನಾಗಿತ್ತು. ಬಾಯಿ ತೆರೆದ ಮೇಲೆ ಎಲ್ಲಾ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗಿದ್ದು ದೇವರ ಪರವಾಗಿ ವಾದಿಸಿದ ಆ ಸ್ನೇಹಿತರ ಮೇಲೆ. ಯಾಕೆ ಯಾಕೆ ಅಂತ ಅತ್ತು ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ ಅಂದ.

ಆದರೆ ಆಗ ನನಗೆ ಇದೆಲ್ಲ ನೆನಪಾಗಲಿಲ್ಲ. ಪ್ರಾರ್ಥನೆ ಮಾಡುವುದನ್ನೇ ಬಿಟ್ಟೆ. ದೇವರಿಲ್ಲ ಅಂತ ಅನಿಸಿ ಅಲ್ಲ. ಇದ್ದಾನೆ, ಎಲ್ಲಾ ನೋಡಿಕೊಂಡು ಸುಮ್ಮನಿದ್ದಾನೆ ಅನ್ನುವ ಸಿಟ್ಟಿಗೆ.

ಆ ದಿನ ಬೆಳಿಗ್ಗೆ ಮಾತಿನ ತರಬೇತಿ ಕೊಡುವ ಥೆರಪಿಸ್ಟ್ ಮನೆಗೆ ಬಂದರು. ಚಿಕ್ಕ ವಯಸ್ಸಿನವರು, ಅವಸರವೇ ಇಲ್ಲದ ಧ್ವನಿ. ಅಪ್ಪನ ಎದುರು ಕೂತು "ಎಣಿಸೋಣ್ವಾ ಸರ್? ಒಂದು, ಎರಡು..." ಅಂದರು. ಅಪ್ಪ "ಮೂರು" ಅಂದುಬಿಟ್ಟರು! ನಾಲ್ಕು, ಐದು, ಆರು, ಹತ್ತರವರೆಗೂ ಹೋದರು. ಅಡುಗೆಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು.

ಯೋಚಿಸಿ ಆಡುವ ಮಾತೇ ಬೇರೆ, ಬಾಯಿಪಾಠವೇ ಬೇರೆ ಅಂತ ಥೆರಪಿಸ್ಟ್ ಬಿಡಿಸಿ ಹೇಳಿದರು. ಎಣಿಕೆ, ವಾರದ ಹೆಸರು, ಹಾಡು, ಪ್ರಾರ್ಥನೆ ಇವೆಲ್ಲ ನೂರಾರು ಸಲ ಹೇಳಿ ಹೇಳಿ ಗಟ್ಟಿಯಾದವು. ಹಾಗಾಗಿ ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದುಕೊಳ್ಳುತ್ತವೆ. "ಇವರಿಗೆ ಬಾಯಿಪಾಠ ಬರುವುದು ಏನಿದೆ? ನೀವು ಶುರು ಮಾಡಿ ಕೊಡಿ, ಅವರು ಮುಗಿಸಲಿ."

ಅಮ್ಮ ನನ್ನ ಮುಖ ನೋಡಿದರು. "ಕರ್ತನ ಪ್ರಾರ್ಥನೆ ಹೇಳಿಸು" ಅಂದರು. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅದು.

ಇದು ಪ್ರಾರ್ಥನೆ ಅಲ್ಲ, ವ್ಯಾಯಾಮ ಅಂತ ಮನಸ್ಸಿಗೆ ಹೇಳಿಕೊಂಡು ಶುರು ಮಾಡಿದೆ. "ಪರಲೋಕದಲ್ಲಿರುವ..."

ಅಪ್ಪನ ತುಟಿಯ ಎಡತುದಿ ಅಲುಗಿತು. ಎಡಗೈ ಹೊದಿಕೆಯ ಅಂಚನ್ನು ಹಿಡಿದು ಮುದ್ದೆ ಮಾಡಿತು. "ನಮ್ಮ... ತಂದೆಯೇ."

"ನಿನ್ನ ನಾಮವು..." ಅಂದರೆ "ಪರಿಶುದ್ಧ" ಅಂದರು, ಮುಂದಿನ ಉದ್ದದ ಪದಗಳು ನಾಲಿಗೆಗೆ ಸಿಗಲಿಲ್ಲ, ಪರವಾಗಿಲ್ಲ ಅಂತ ಥೆರಪಿಸ್ಟ್ ಕೈಸನ್ನೆ ಮಾಡಿದರು. "ನಿನ್ನ ರಾಜ್ಯವು..." ಅಂದೆ. "ಬರಲಿ" ಅಂತ ಗಟ್ಟಿಯಾಗಿ ಹೇಳಿದರು. ಎಷ್ಟು ದಿನ ಆಗಿತ್ತು ಆ ಧ್ವನಿ ಕೇಳಿ.

ಮುಂದಿನ ಸಾಲು ನಾನು ಶುರು ಮಾಡಬೇಕು. ನಿನ್ನ ಚಿತ್ತವು. ನನ್ನ ಗಂಟಲು ಕಟ್ಟಿತು. ಬಂದವರೆಲ್ಲ ಸಲೀಸಾಗಿ ಹೇಳಿಹೋದ ಪದ ಅದು. ನಾನು ಮರೆತೆ ಅಂದುಕೊಂಡು ಥೆರಪಿಸ್ಟ್ ಕಾಯುತ್ತಿದ್ದರು. ಅಪ್ಪನೂ ಕಾಯುತ್ತಿದ್ದರು, ನನ್ನ ಬಾಯನ್ನೇ ನೋಡುತ್ತಾ. ನಾನು ಆ ಪದ ಕೊಡದಿದ್ದರೆ ಅವರ ಪದ ಹೊರಗೆ ಬರುವುದಿಲ್ಲ.

ಹೇಳಿದೆ. ಅವರು ಪರಲೋಕ, ಭೂಲೋಕ ಎಲ್ಲವನ್ನೂ ದಾಟಿ ಒಂದೇ ಸಲಕ್ಕೆ "ನೆರವೇರಲಿ" ಅಂದರು.

ಅನುದಿನದ ಅಂದರೆ ಆಹಾರ, ತಪ್ಪುಗಳನ್ನು ಅಂದರೆ ಕ್ಷಮಿಸು. ಹೀಗೆ ಇಬ್ಬರೂ ಒಂದೊಂದು ಪದ ಜೋಡಿಸಿ ಕೊನೆ ಮುಟ್ಟಿದೆವು. ಆಮೆನ್ ಅನ್ನುವಾಗ ಮಾತ್ರ ಅವರ ಬಾಯಿಗೆ ಹಳೆಯದೇ ಬಂತು. "ಆಯ್ತು" ಅಂದರು. ಆಮೆನ್ ಅಂದರೂ ಹಾಗೆಯೇ ಆಗಲಿ ಅಂತಲೇ ತಾನೇ. ನಾನು ಅವರ ಎದೆಗೆ ತಲೆ ಇಟ್ಟು ಅತ್ತೆ.

ಮಧ್ಯಾಹ್ನ ಅವರು ಮಲಗಿದ ಮೇಲೆ ರೋಮಾಪುರದವರಿಗೆ ಪೌಲ ಬರೆದ ಪತ್ರದ 8ನೇ ಅಧ್ಯಾಯ ತೆಗೆದೆ. ಎಲ್ಲರೂ ನನಗೆ ಹೇಳುತ್ತಿದ್ದ ವಚನ ಅಲ್ಲೇ ಇರುವುದು, 28ನೆಯದು. ದೇವರು ತನ್ನನ್ನು ಪ್ರೀತಿಸುವವರ ಹಿತಕ್ಕಾಗಿ ಎಲ್ಲಾ ಕಾರ್ಯಗಳನ್ನು ಕೂಡಿಸಿ ನಡೆಸುತ್ತಾನೆ ಅನ್ನುವುದು. ಆಗುವುದೆಲ್ಲ ಒಳ್ಳೆಯದೇ ಅಂತ ಅಲ್ಲಿ ಬರೆದಿಲ್ಲ, ಸ್ಟ್ರೋಕ್ ಒಳ್ಳೆಯದು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ನಾನು ಅಲ್ಲಾಡದೆ ಕೂತಿದ್ದು ಎರಡು ವಚನ ಹಿಂದೆ, 26ರಲ್ಲಿ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಾಗದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾನಂತೆ. ಮಾತಿಲ್ಲದ ನರಳಾಟ! ಎಷ್ಟು ಸಲ ಓದಿದ್ದೆ, ಎಂದೂ ಕಣ್ಣಿಗೆ ಬಿದ್ದಿರಲಿಲ್ಲ. ಅಪ್ಪನ ಬಾಯಿ ಮುಚ್ಚಿದ 11 ವಾರ ಈ ಮನೆಯಲ್ಲಿ ಪ್ರಾರ್ಥನೆ ನಿಂತಿದೆ ಅಂದುಕೊಂಡಿದ್ದೆ. ನಿಂತಿರಲಿಲ್ಲ.

ಇನ್ನೊಂದು. ನಿನ್ನ ಚಿತ್ತವೇ ಆಗಲಿ ಅನ್ನುವ ಮಾತನ್ನು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಹೇಳಿದ್ದು, ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಅಂತ ಮೊದಲು ಕೇಳಿಕೊಂಡ ಮೇಲೆ. ನೆಲಕ್ಕೆ ಬಿದ್ದು, ಮೂರು ಸಲ ಪ್ರಾರ್ಥಿಸಿದ. ಹಾಗೆ ಕೇಳುವುದಕ್ಕೆ ನನಗೂ ಜಾಗ ಇದೆ ಅಂತ ಅನಿಸಿದ್ದು ಅವತ್ತೇ. ಕೇಳಿದೆ ಕೂಡ. ಅಪ್ಪನಿಗೆ ಮಾತು ಕೊಡು, ಇಲ್ಲದಿದ್ದರೆ ನನಗೆ ತಡೆಯುವ ಶಕ್ತಿ ಕೊಡು, ಎರಡೂ ಕೊಟ್ಟರೆ ಇನ್ನೂ ಒಳ್ಳೆಯದು ಅಂತ.

ರಾತ್ರಿ ಅಪ್ಪನ ಸತ್ಯವೇದ ತಂದೆ. ಪಟ್ಟಿ ಇಟ್ಟ ಪುಟ ಹಾಗೇ ಇತ್ತು. ಅವರು ತಮ್ಮ ಧ್ವನಿಯಲ್ಲಿ ಕೊನೆಯದಾಗಿ ಓದಿದ್ದು ಮೊದಲ ಪುಸ್ತಕ ಆದಿಕಾಂಡದ 39ನೇ ಅಧ್ಯಾಯ. ಅಣ್ಣಂದಿರೇ ಮಾರಿಬಿಟ್ಟ ಯೋಸೇಫ ಮಾಡದ ತಪ್ಪಿಗೆ ಸೆರೆಮನೆಗೆ ಬೀಳುತ್ತಾನೆ, ಆದರೂ ದೇವರು ಅವನ ಸಂಗಡ ಇದ್ದ ಅಂತ ಆ ಅಧ್ಯಾಯ ಮತ್ತೆ ಮತ್ತೆ ಹೇಳುತ್ತದೆ. ನಾನು 40 ಓದಿದೆ. ಅಲ್ಲಿ ಯೋಸೇಫ ಇದೆಲ್ಲ ದೇವರ ಚಿತ್ತ ಅಂತ ಕೈಕಟ್ಟಿ ಕೂತಿಲ್ಲ. ಜೊತೆಗೆ ಸೆರೆಯಲ್ಲಿದ್ದ, ಐಗುಪ್ತದ ಅರಸ ಫರೋಹನ ಪಾನದಾಯಕನಿಗೆ, ನಿನಗೆ ಒಳ್ಳೆಯದಾದಾಗ ನನ್ನನ್ನು ನೆನಪು ಮಾಡಿಕೋ, ಇಲ್ಲಿಂದ ಬಿಡಿಸು, ನಾನು ಏನೂ ತಪ್ಪು ಮಾಡಿಲ್ಲ ಅಂತ ಅಂಗಲಾಚುತ್ತಾನೆ. ನೀವು ಕೇಡು ಬಗೆದಿರಿ, ದೇವರು ಅದರಿಂದ ಒಳ್ಳೆಯದು ಮಾಡಿದ ಅಂತ ಅವನು ಅಣ್ಣಂದಿರಿಗೆ ಹೇಳುವುದು ಎಲ್ಲೋ 50ನೇ ಅಧ್ಯಾಯದಲ್ಲಿ. ಅವನನ್ನು ಮಾರಿದಾಗ ವಯಸ್ಸು 17. ಫರೋಹನ ಮುಂದೆ ನಿಂತಾಗ 30. ಅಣ್ಣಂದಿರಿಗೆ ಹಾಗೆ ಹೇಳಿದ್ದು ಅಪ್ಪ ಯಾಕೋಬ ತೀರಿಕೊಂಡ ಮೇಲೆ, ಸುಮಾರು 56ರಲ್ಲಿ. ಲೆಕ್ಕ ಹಾಕಿದರೆ, ಆ ಮಾತು ಬಾಯಿಗೆ ಬರುವಷ್ಟರಲ್ಲಿ ಸುಮಾರು 39 ವರ್ಷ ಆಗಿಹೋಗಿತ್ತು. ನಾನು 11 ವಾರಕ್ಕೇ ಉತ್ತರ ಕೇಳುತ್ತಿದ್ದೆ.

40ನೇ ಅಧ್ಯಾಯ ಮುಗಿಯುವುದು ಪಾನದಾಯಕ ಅವನನ್ನು ಮರೆತುಬಿಟ್ಟ ಅನ್ನುವ ಮಾತಿನಿಂದ. ಅಲ್ಲಿಗೆ ನಿಲ್ಲಿಸಲು ನನಗೆ ಮನಸ್ಸೇ ಬರಲಿಲ್ಲ. ಪುಟ ತಿರುಗಿಸಿದರೆ ಸಾಕು, ಯೋಸೇಫ ಹೊರಗೆ ಬರುತ್ತಾನೆ. ಅದನ್ನೂ ಓದಿಯೇ ಮಲಗೋಣ ಅಂತ ಪುಟಕ್ಕೆ ಬೆರಳು ಹಾಕಿದೆ.

ಅಪ್ಪ ಎಡಗೈ ಚಾಚಿದರು. ನಿಧಾನವಾಗಿ ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡರು.

"ಆಯ್ತು" ಅಂದರು.

ದೀಪ ಆರಿಸಿದೆ. ಯೋಸೇಫ ಆ ರಾತ್ರಿ ಸೆರೆಮನೆಯಲ್ಲೇ ಉಳಿದ.